ಮಾಪಣ್ಣನ ಪುಸ್ತಕದ ಎರಡನೇ ಪ್ರತಿ

ಡೊಂಬಿವಲಿ ಪೂರ್ವ
12 ಆಗಸ್ಟ್ 2023

ಮಾಪಣ್ಣನವರಿಗೆ ಸುಗುಣಾ ಮಾಡುವ ನಮಸ್ಕಾರಗಳು.

ನೀವು ತುರ್ಭೆಯ ಮಾರ್ಕೆಟ್ ಬಿಟ್ಟು ಚಿತ್ತಾಪುರಕ್ಕೆ ಮಗಳು ಮರೆಮ್ಮನ ಮನೆಗೆ ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡೋಣವೆಂದರೆ ನಿಮಗೆ ಕಿವಿ ಕೇಳುವುದಿಲ್ಲ, ನಾನು ಅಂದದ್ದನ್ನೆಲ್ಲ ಮರೆಮ್ಮ ನಿಮಗೆ ಕೂಗಿ ಹೇಳಬೇಕು. ಹೋದ ಸಲ ಅವಳ ಗಂಟಲು ಕಟ್ಟಿತೆಂದು ಕೇಳಿದೆ.

ನಿಮ್ಮ ನಾಲ್ಕೂ ನೋಟುಬುಕ್ಕುಗಳ ಟೈಪಿಂಗ್ ಮೊನ್ನೆ ಮುಗಿಯಿತು. ಒಟ್ಟು ನೂರಾ ಹದಿನಾಲ್ಕು ಪುಟ. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಹಯಗ್ರೀವರು ಕೇಳಿ ಬಹಳ ಖುಷಿಪಟ್ಟರು. ಮೂವತ್ತೆರಡು ವರ್ಷ ಮೂಟೆ ಹೊತ್ತ ಮನುಷ್ಯ ತನ್ನ ಕೈಯಿಂದಲೇ ಬರೆದ ಪುಸ್ತಕವನ್ನು ಮಾರ್ಚಿನ ವಾರ್ಷಿಕೋತ್ಸವದಲ್ಲಿ ಬಿಡುಗಡೆ ಮಾಡುತ್ತೇವೆಂದು ಸಭೆಯಲ್ಲಿ ಹೇಳಿಯೂ ಬಿಟ್ಟಿದ್ದಾರೆ.

ನೀವು ಹೊರಡುವಾಗ, ಕಂಪ್ಯೂಟರ್ ಕೆಟ್ಟರೆ ಏನು ಗತಿ ಎಂದು ಕೇಳಿದ್ದಿರಿ. ಚಿಂತೆ ಬೇಡ. ನನ್ನ ಅಕ್ಕನ ಮಗಳು ನಿಶಾ, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವಳು, ನನಗೆ ಇನ್ನೊಂದು ಹಾರ್ಡ್ ಡಿಸ್ಕ್ ತಂದುಕೊಟ್ಟಿದ್ದಾಳೆ. ಅಂಗೈ ಅಗಲದ ಕಪ್ಪು ಡಬ್ಬಿ. ಪ್ರತಿ ಶನಿವಾರ ಅದನ್ನು ಜೋಡಿಸಿ ಎಲ್ಲವನ್ನೂ ಅದರಲ್ಲಿ ಇನ್ನೊಂದು ಪ್ರತಿಯಾಗಿ ಇಡುತ್ತೇನೆ. ನಿಮ್ಮ ಪುಸ್ತಕ ಈಗ ಎರಡು ಕಡೆ ಇದೆ. ನೋಟುಬುಕ್ಕುಗಳೂ ನನ್ನ ಹತ್ತಿರ ಭದ್ರವಾಗಿವೆ.

ನಮ್ಮ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುತ್ತಾರಂತೆ. ದೀಪಾವಳಿಯೊಳಗೆ ಬಾಡಿಗೆ ಮನೆಗೆ ಹೋಗಬೇಕು. ಅಷ್ಟರೊಳಗೆ ಒಂದು ಪ್ರೂಫ್ ತೆಗೆದು ನಿಮಗೆ ಕಳಿಸುತ್ತೇನೆ.

ನಿಮ್ಮ
ಸುಗುಣಾ


ಚಿತ್ತಾಪುರ
28 ಆಗಸ್ಟ್ 2023

ಸುಗುಣಾ ಅಕ್ಕಾವರಿಗೆ ಮಾಪಣ್ಣ ಮಾಡುವ ಶರಣು.

ನಿಮ್ಮ ಕಾಗದ ಮುಟ್ಟಿತು. ಮರೆಮ್ಮನಿಗೆ, ಅಳಿಯನಿಗೆ, ಓಣಿಯ ನಾಲ್ಕು ಮಂದಿಗೆ ಓದಿ ತೋರಿಸಿದೆ. ನೂರಾ ಹದಿನಾಲ್ಕು ಪುಟ ಎಂದಾಗ ಅಳಿಯ ನನ್ನ ಮುಖವನ್ನೇ ನೋಡಿದ. ಅವನು ಬಸ್ ಕಂಡಕ್ಟರ್. ದಿನಾ ಟಿಕೆಟ್ ಹರಿಯುವವನಿಗೂ ಮಾವ ಒಂದು ಪುಸ್ತಕ ಬರೆದಾನೆಂಬುದು ದೊಡ್ಡ ವಿಷಯವಾಯಿತು.

ನೋಟುಬುಕ್ಕು ನಿಮ್ಮ ಹತ್ತಿರವೇ ಇರಲಿ. ಮಾರ್ಚಿನಲ್ಲಿ ಬಂದಾಗ ತೆಗೆದುಕೊಂಡು ಹೋಗುತ್ತೇನೆ. ಹನ್ನೊಂದು ವರ್ಷ ಬರೆದದ್ದು. ಅಂಚೆಗೆ ಹಾಕಲು ನನಗೆ ಧೈರ್ಯ ಇಲ್ಲ.

ಒಂದು ಮಾತು ಕೇಳಬೇಕಿತ್ತು. ನನಗೆ ಕಂಪ್ಯೂಟರ್ ತಿಳಿಯುವುದಿಲ್ಲ, ತಪ್ಪು ತಿಳಿಯಬೇಡಿರಿ. ಎರಡು ಕಡೆ ಇದೆ ಎಂದಿದ್ದೀರಿ. ಈಗ ಒಂದು ಕಡೆ ಏನಾದರೂ ತಿದ್ದಿದರೆ ಇನ್ನೊಂದರಲ್ಲಿ ಮೊದಲಿನ ಹಾಗೇ ಉಳಿಯುತ್ತದೆಯೋ, ಅಥವಾ ಅದೂ ತಿದ್ದಿಕೊಳ್ಳುತ್ತದೆಯೋ?

ಮೂರನೇ ನೋಟುಬುಕ್ಕಿನಲ್ಲಿ ಭಿವಂಡಿ ಗೋದಾಮಿನ ಸುದ್ದಿ ಬರೆದಿದ್ದೆ, ನಮ್ಮ ಹಮಾಲರ ಟೋಳಿಯ ಜೈಭೀಮ ತೀರಿಕೊಂಡದ್ದು. ಅದು ಬಹಳ ಉದ್ದವಾಯಿತು ಅನ್ನಿಸುತ್ತದೆ. ಓದುವವರಿಗೆ ಬೇಸರ ಆದೀತು. ಬೇಕಾದರೆ ಕಡಿಮೆ ಮಾಡಿರಿ.

ನಿಮ್ಮ
ಮಾಪಣ್ಣ


ಡೊಂಬಿವಲಿ ಪೂರ್ವ
20 ನವೆಂಬರ್ 2023

ಮಾಪಣ್ಣನವರಿಗೆ ನಮಸ್ಕಾರ.

ಉತ್ತರ ಬಹಳ ತಡವಾಯಿತು, ಕ್ಷಮಿಸಿ. ಅಕ್ಟೋಬರಿನಲ್ಲಿ ಮನೆ ಬದಲಾಯಿಸಿದೆವು. ಮೇಲಿನ ವಿಳಾಸಕ್ಕೆ ಬರೆದರೂ ಸಾಕು, ಪೋಸ್ಟ್‌ಮನ್ ಪರಿಚಯದವರು, ಹೊಸ ಮನೆಗೆ ತಂದುಕೊಡುತ್ತಾರೆ.

ಪುಸ್ತಕದ ಕೆಲಸ ನಡೆದಿದೆ. ಕೆಲವು ಕಡೆ ನಿಮ್ಮ ಅಕ್ಷರ ನನಗೆ ಗೊತ್ತಾಗುತ್ತಿಲ್ಲ. ಕೆಲವು ಕಡೆ ಇನ್ನಷ್ಟು ವಿವರ ಇದ್ದರೆ ಚೆನ್ನು. ಹಾಗಾಗಿ ಒಂದೊಂದಾಗಿ ಕೇಳುತ್ತೇನೆ, ಸಾವಕಾಶವಾಗಿ ಬರೆಯಿರಿ. ನೋಟುಬುಕ್ಕಿನಲ್ಲಿ ಬರೆದದ್ದನ್ನು ನೆನಪಿಸಿಕೊಂಡು ಅದೇ ಥರ ಬರೆಯಬೇಕೆಂದಿಲ್ಲ. ಈಗ ಹೇಗೆ ತೋರುತ್ತದೋ ಹಾಗೆ ಬರೆಯಿರಿ.

ಮೊದಲು, ನೀವು ತುರ್ಭೆಗೆ ಬಂದ ದಿನದಿಂದ ಶುರುಮಾಡಿ. ಯಾರ ಜೊತೆ ಬಂದಿರಿ, ಎಲ್ಲಿ ಉಳಿದಿರಿ, ಮೊದಲ ದಿನ ಏನು ಹೊತ್ತಿರಿ, ಎಲ್ಲ.

ಭಿವಂಡಿಯ ಭಾಗ ಕಡಿಮೆ ಮಾಡುವ ಮಾತು ಬೇಡ. ನಿಮ್ಮದು ಅತಿ ವಿನಯ. ಇಡೀ ಪುಸ್ತಕದಲ್ಲಿ ನನಗೆ ಕಣ್ಣೀರು ಬಂದದ್ದು ಅಲ್ಲಿ.

ನಿಮ್ಮ
ಸುಗುಣಾ


ಚಿತ್ತಾಪುರ
8 ಡಿಸೆಂಬರ್ 2023

ಸುಗುಣಾ ಅಕ್ಕಾವರಿಗೆ ಶರಣು.

ನನ್ನ ಅಕ್ಷರ ಗೊತ್ತಾಗುವುದಿಲ್ಲ ಎಂದು ಈತನಕ ಯಾರೂ ಅಂದಿರಲಿಲ್ಲ. ಟೋಳಿಯ ಮಂದಿಯೆಲ್ಲ ಊರಿಗೆ ಕಾಗದ ಬರೆಸಲು ನನ್ನ ಹತ್ತಿರವೇ ಬರುತ್ತಿದ್ದರು. ಇರಲಿ, ನೀವು ಕೇಳಿದ್ದೀರಿ, ಬರೆಯುತ್ತೇನೆ.

ನಾನು ತುರ್ಭೆಗೆ ಬಂದದ್ದು 1990ರಲ್ಲಿ, ಸೋದರಮಾವನ ಜೊತೆ. ಕಲ್ಯಾಣದಲ್ಲಿ ಇಳಿದಾಗ ಮಾವನ ಕೈ ತಪ್ಪಿತು. ಗದ್ದಲದಲ್ಲಿ ಹಿಂದಿ ಬಾರದೆ ಮಧ್ಯಾಹ್ನದ ತನಕ ಒಂದೇ ಕಂಬಕ್ಕೆ ಆತುಕೊಂಡು ನಿಂತಿದ್ದೆ. ಅಲ್ಲಿಂದ ಕದಲಿದರೆ ಮಾವನಿಗೆ ಸಿಗುವುದಿಲ್ಲ ಎಂದು ನೀರು ಕುಡಿಯಲಿಕ್ಕೂ ಹೋಗಲಿಲ್ಲ. ಮೊದಲ ದಿನ ಹೊತ್ತದ್ದು ಒಣಮೆಣಸಿನಕಾಯಿ. ಬೆವರಿನ ಬೆನ್ನಿಗೆ ಮೆಣಸಿನ ಧೂಳು ಹತ್ತಿದರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ. ಸಂಜೆ ಅಂಗಿ ತೆಗೆಯಲಾಗಲಿಲ್ಲ. ಮಾವ ಮೊಸರು ತಂದು ಬೆನ್ನಿಗೆ ಹಚ್ಚಿದ, ಉಳಿದದ್ದನ್ನು ಇಬ್ಬರೂ ರೊಟ್ಟಿಗೆ ಹಾಕಿಕೊಂಡು ತಿಂದೆವು.

ಅಕ್ಷರ ನನಗೆ ಸಾಲೆಯ ನಾಲ್ಕನೇ ಇಯತ್ತೆಯ ತನಕ ಕಲಿತಷ್ಟೇ ಬರುತ್ತಿತ್ತು. ಉಳಿದದ್ದು ಬಂದದ್ದು ತುರ್ಭೆಯಲ್ಲೇ. ಸೋಲಾಪುರದ ಕಡೆಯಿಂದ ಬರುತ್ತಿದ್ದ ಡಬ್ಬಿಗಳ ಮೇಲೆ ಕನ್ನಡ ಪೇಪರು ಸುತ್ತಿರುತ್ತಿತ್ತು. ಅದನ್ನು ಬಿಚ್ಚಿ ನೆಟ್ಟಗೆ ಮಾಡಿ ಓದುತ್ತಿದ್ದೆ. ಸುದ್ದಿ ಅರ್ಧಕ್ಕೆ ಹರಿದಿರುತ್ತಿತ್ತು. ಮುಂದೇನಾಯಿತೆಂದು ನಾನೇ ಕಟ್ಟಿ ಟೋಳಿಯ ಮಂದಿಗೆ ಹೇಳುತ್ತಿದ್ದೆ.

ಒಂದು ಮಾತು. ನೀವು ತುರ್ಭೆ ಕಡೆ ಹೋಗಿದ್ದಿರೇ? ಅಲ್ಲಿ ಯಾರಾದರೂ ನಿಮಗೆ ಏನಾದರೂ ಹೇಳಿದರೇ? ಟೈಪಾದ ಪುಸ್ತಕವನ್ನು ಮತ್ತೆ ಮೊದಲಿಂದ ಕೇಳುತ್ತಿದ್ದೀರಿ, ಅದಕ್ಕೆ ಕೇಳಿದೆ.

ನಿಮ್ಮ
ಮಾಪಣ್ಣ


ಡೊಂಬಿವಲಿ ಪೂರ್ವ
3 ಜನವರಿ 2024

ಮಾಪಣ್ಣನವರಿಗೆ ಹೊಸ ವರ್ಷದ ನಮಸ್ಕಾರ.

ನಿಮ್ಮ ಕಾಗದ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಹಾಗೆಯೇ ಪುಸ್ತಕಕ್ಕೆ ಸೇರಿಸಿದ್ದೇನೆ. ನಾನು ತುರ್ಭೆಗೆ ಹೋಗಿಲ್ಲ, ಅಲ್ಲಿ ನನಗೆ ನಿಮ್ಮನ್ನು ಬಿಟ್ಟರೆ ಯಾರ ಪರಿಚಯವೂ ಇಲ್ಲ. ಯಾರೂ ಏನೂ ಹೇಳಿಲ್ಲ.

ಈಗ ಭಿವಂಡಿಯ ಭಾಗ. ನನಗೆ ಮನಸ್ಸಿನಲ್ಲಿ ಉಳಿದದ್ದು ಇಷ್ಟು: 2004ರಲ್ಲಿ ನಿಮ್ಮ ಟೋಳಿ ಭಿವಂಡಿಯ ಒಂದು ಗೋದಾಮಿಗೆ ನೂಲಿನ ಮೂಟೆ ಇಳಿಸಲು ಹೋಗಿತ್ತು. ನೀವು ಟೋಳಿಯ ಮುಕಾದಮ, ಎಲ್ಲರಿಗೂ ಕೆಲಸ ಹಚ್ಚುವವರು. ಜೈಭೀಮ ಅಂದು ಕುಡಿದು ಬಂದಿದ್ದ. ನೀವು ಬೇಡವೆಂದರೂ ಒಂದರ ಮೇಲೊಂದು ಪೇರಿಸಿದ ಮೂಟೆಗಳ ಥಪ್ಪಿಯ ಮೇಲೆ ಹತ್ತಿದ. ಥಪ್ಪಿ ಕುಸಿದಾಗ ನೀವು ಒಳಗೆ ನುಗ್ಗಿ ಅವನ ಕೈ ಹಿಡಿದು ಎಳೆದಿರಿ.

ಇದನ್ನು ಮತ್ತೊಮ್ಮೆ ವಿವರವಾಗಿ ಬರೆಯಿರಿ. ಯಾರು ಎಲ್ಲಿ ನಿಂತಿದ್ದರು, ನೀವು ಅವನಿಗೆ ಏನಂದಿರಿ, ಅವನು ಏನಂದ, ಕೈ ಹಿಡಿದಾಗ ಅವನಿಗೆ ಎಚ್ಚರವಿತ್ತೇ. ಅವನ ಹೆಂಡತಿ ಚಂದ್ರಬಾಯಿಗೆ ಮೊದಲ ಪ್ರತಿ ಕೊಡಬೇಕೆಂದು ನೋಟುಬುಕ್ಕಿನಲ್ಲಿ ಬರೆದಿದ್ದಿರಿ. ಆಕೆಗಾಗಿ ಬರೆಯುತ್ತಿದ್ದೇನೆಂದು ತಿಳಿದು ಬರೆಯಿರಿ. ಬೇಗ ಬರೆಯಿರಿ. ಹಯಗ್ರೀವರು ದಿನಕ್ಕೊಮ್ಮೆ ಕೇಳುತ್ತಿದ್ದಾರೆ.

ನಿಮ್ಮ
ಸುಗುಣಾ


ಚಿತ್ತಾಪುರ
30 ಜನವರಿ 2024

ಸುಗುಣಾ ಅಕ್ಕಾವರಿಗೆ,

ಪುಸ್ತಕ ನಿಮ್ಮ ಕಣ್ಣ ಮುಂದಿದೆ. ಎರಡು ಕಡೆ ಇದೆ ಎಂದು ನೀವೇ ಬರೆದಿದ್ದಿರಿ. ಆದರೂ ಅದೇ ಮಾತನ್ನು ನನ್ನಿಂದ ಮತ್ತೆ ಹೊರಡಿಸುತ್ತಿದ್ದೀರಿ. ಪೊಲೀಸರು ಹೀಗೆ ಕೇಳುತ್ತಾರೆ, ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ತಾಳೆ ನೋಡಲಿಕ್ಕೆ.

ನಿಮಗೆ ಏನು ಗೊತ್ತಾಗಿದೆಯೋ ನೇರ ಬರೆಯಿರಿ. ಇಲ್ಲವಾದರೆ ಭಿವಂಡಿಯದು ಪೂರ್ತಿ ತೆಗೆದುಹಾಕಿರಿ. ಎರಡೂ ಕಡೆಯಿಂದ ತೆಗೆಯಿರಿ.

ಮಾಪಣ್ಣ


ಡೊಂಬಿವಲಿ ಪೂರ್ವ
19 ಫೆಬ್ರವರಿ 2024

ಮಾಪಣ್ಣನವರೇ,

ನಿಮಗೆ ಹೇಗೋ ಗೊತ್ತಾಗಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು.

ನಿಮ್ಮ ಪುಸ್ತಕ ನನ್ನ ಹತ್ತಿರ ಇಲ್ಲ. ಒಂದು ಕಡೆಯೂ ಇಲ್ಲ.

ಅಕ್ಟೋಬರಿನಲ್ಲಿ ಮನೆ ಸಾಗಿಸುವಾಗ ಕಂಪ್ಯೂಟರನ್ನು ಟೆಂಪೋದಲ್ಲಿ ಹಾಕಿದ್ದರು. ಹೊಸ ಮನೆಯಲ್ಲಿ ಜೋಡಿಸಿದರೆ ಒಳಗಿಂದ ಟಿಕ್ ಟಿಕ್ ಎಂದು ಸದ್ದು, ಪರದೆ ಕಪ್ಪು. ಸ್ಟೇಷನ್ ಹತ್ತಿರದ ಅಂಗಡಿಯವನು ಹಾರ್ಡ್ ಡಿಸ್ಕ್ ಹೋಗಿದೆ ಎಂದ. ಥಾಣೆಯಲ್ಲಿ ಇಂಥದ್ದನ್ನು ಬಿಚ್ಚಿ ಒಳಗಿನದ್ದನ್ನು ತೆಗೆದುಕೊಡುವವರಿದ್ದಾರೆಂದು ಅಲ್ಲಿಗೂ ಒಯ್ದೆ. ಒಳಗಿನ ತಟ್ಟೆಗೇ ಗೀರು ಬಿದ್ದಿದೆ, ಏನೂ ಬರುವುದಿಲ್ಲ ಎಂದರು. ಆಮೇಲೆ ಆ ಹುಡುಗಿ, ಅಲ್ಲಿ ಕೌಂಟರಿನಲ್ಲಿ ಕೂತಿದ್ದವಳು, ಸಹಜವಾಗಿ ಕೇಳಿದಳು, ‘ಆಂಟಿ, ಬ್ಯಾಕಪ್ ತೋ ಹೋಗಾ ನಾ?’, ಇನ್ನೊಂದು ಪ್ರತಿ ಇದ್ದೇ ಇರುತ್ತದಲ್ಲ ಎಂದು. ಹೌದು ಎಂದು ತಲೆಯಾಡಿಸಿ ಹೊರಗೆ ಬಂದೆ. ಆಕೆಗೂ ಸುಳ್ಳು ಹೇಳಿದೆ.

ಎರಡನೇ ಡಿಸ್ಕಿನಲ್ಲಿ ಏನೂ ಇಲ್ಲ. ಅದನ್ನು ಒಂದು ದಿನವೂ ಉಪಯೋಗಿಸಿಲ್ಲ. ನಿಶಾ ತಂದುಕೊಟ್ಟು, ಜೋಡಿಸಿ ಕಾಪಿ ಮಾಡಿದರಾಯಿತು ಎಂದು ಎರಡು ಮಾತಿನಲ್ಲಿ ಹೇಳಿ ಟ್ರೇನಿಗೆ ಓಡಿದಳು. ಆ ಶನಿವಾರ ಜೋಡಿಸಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ, ಮಾಡಿದರೆ ಇರುವುದೆಲ್ಲ ಅಳಿಸಿಹೋಗುತ್ತದೆ ಎಂದು. ಯಾವುದು ಅಳಿಸುತ್ತದೆ, ಹೊಸದೋ ನನ್ನ ಕಂಪ್ಯೂಟರಿನದೋ, ತಿಳಿಯಲಿಲ್ಲ. ವಯರ್ ಕಿತ್ತೆ. ಡಬ್ಬಿಗೆ ಹಾಕಿ ಸೀರೆಗಳ ಕೆಳಗೆ ಇಟ್ಟೆ.

ನಿಶಾಳಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಕಲ್ಯಾಣದಿಂದ ಪನ್ವೇಲ್ ತನಕ ಯಾರ ಮನೆಯ ಕನ್ನಡ ಲಗ್ನಪತ್ರಿಕೆಯಾದರೂ ಟೈಪ್ ಮಾಡುವವಳು ನಾನು. ಸಂಘದಲ್ಲಿ ಎಲ್ಲರೂ ‘ಕಂಪ್ಯೂಟರ್ ಸುಗುಣಕ್ಕ’ ಎನ್ನುತ್ತಾರೆ. ಅಂಥವಳು ಇಪ್ಪತ್ತಾರು ವರ್ಷದ ಹುಡುಗಿಗೆ ‘ನನಗೆ ಬರುವುದಿಲ್ಲ’ ಎನ್ನಬೇಕಿತ್ತು. ಅನ್ನಲಿಲ್ಲ. ಅವಳು ಕೇಳಿದಾಗಲೆಲ್ಲ ಆಗಿದೆ ಎಂದೆ. ಅಷ್ಟೇ ಅಲ್ಲ, ಅವಳು ಬಂದಾಗ ನೋಡಲೆಂದು ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ ಪ್ರತಿ ಶನಿವಾರದ ತಾರೀಕು ಬರೆಯುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಮುಖವನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ನಿಮಗೆ ಬರೆದ ಮೊದಲ ಕಾಗದದ ಸುಳ್ಳು ಅದು.

ನೋಟುಬುಕ್ಕುಗಳು ಆಗ ನನ್ನ ಹತ್ತಿರ ಇದ್ದವು, ಅದು ನಿಜ. ಹಳೆಯ ಪ್ರೂಫುಗಳ ಜೊತೆ ಒಂದು ಚೀಲದಲ್ಲಿದ್ದವು. ಮನೆ ಖಾಲಿ ಮಾಡುವ ವಾರ ರದ್ದಿಯವನಿಗೆ ಚೀಲಗಳನ್ನು ಕೊಟ್ಟೆ, ಒಳಗೆ ನೋಡಲಿಲ್ಲ. ಟೈಪಾಗಿ ಮುಗಿದದ್ದೆಲ್ಲ ನನಗೆ ಕಸವೇ ಆಗಿತ್ತು. ಎಂಟು ದಿನ ಬಿಟ್ಟು ನೆನಪಾಗಿ ಅಂಗಡಿಗೆ ಓಡಿದೆ. ಅವನು ನಗಲಿಲ್ಲ, ಬೈಯಲಿಲ್ಲ, ಮಾಲು ಭಿವಂಡಿಗೆ ಹೋಗಿ ಆಯಿತು ಎಂದ.

ಅದಕ್ಕೇ ನಿಮಗೆ ಪ್ರಶ್ನೆ ಕೇಳುತ್ತಿದ್ದೆ. ನೀವು ಬರೆದದ್ದನ್ನೂ ನನಗೆ ನೆನಪಿದ್ದುದನ್ನೂ ಸೇರಿಸಿ ಪುಸ್ತಕವನ್ನು ಮತ್ತೆ ಕಟ್ಟಿ, ನಿಮಗೆ ತಿಳಿಯದ ಹಾಗೆ ಅಚ್ಚು ಹಾಕಿಸಬೇಕೆಂದಿದ್ದೆ. ನಲವತ್ತು ಪುಟ ಬರೆದೆ. ಓದಿದರೆ ಅದು ನೀವಲ್ಲ. ನಿಮ್ಮ ಅಂಗಿ ಹಾಕಿಕೊಂಡು ನಾನು ಮಾತಾಡುತ್ತಿದ್ದೇನೆ. ನಿಮ್ಮ ಅಕ್ಷರ ಗೊತ್ತಾಗುವುದಿಲ್ಲ ಎಂದು ಬರೆದದ್ದೂ ಸುಳ್ಳು. ಅಷ್ಟು ದುಂಡಗಿನ ಅಕ್ಷರ ನಾನು ನೋಡಿಲ್ಲ.

ಕ್ಷಮೆ ಕೇಳುವ ಯೋಗ್ಯತೆಯೂ ನನಗಿಲ್ಲ. ಹಯಗ್ರೀವರಿಗೆ ಇನ್ನೂ ಹೇಳಿಲ್ಲ. ಮೊದಲು ನಿಮಗೆ ಹೇಳಬೇಕಿತ್ತು.

ಸುಗುಣಾ


ಡೊಂಬಿವಲಿ ಪೂರ್ವ
1 ಏಪ್ರಿಲ್ 2024

ಮಾಪಣ್ಣನವರಿಗೆ,

ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಆದದ್ದನ್ನು ತಿಳಿಸಲು ಮಾತ್ರ ಬರೆಯುತ್ತಿದ್ದೇನೆ.

ಸಂಘದ ಕಮಿಟಿಯ ಎದುರು ನಿಂತು ಎಲ್ಲವನ್ನೂ ಹೇಳಿದೆ. ಹಯಗ್ರೀವರು ಸಿಟ್ಟು ಮಾಡಲಿಲ್ಲ. ಪೆನ್ ಡ್ರೈವಿನಲ್ಲೂ ಇಲ್ಲವೇ ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಉಳಿದವರು ತಮ್ಮ ಚಹಾ ಲೋಟ ನೋಡುತ್ತ ಕೂತರು. ವಾರ್ಷಿಕೋತ್ಸವದಲ್ಲಿ ಪುಸ್ತಕದ ಮಾತು ಬರಲಿಲ್ಲ. ನಿಮ್ಮ ಆರೋಗ್ಯ ಸರಿಯಿಲ್ಲವೆಂದು ವೇದಿಕೆಯಿಂದ ಯಾರೋ ಹೇಳಿದರು. ನಾನು ಎದ್ದು, ಹಾಗಲ್ಲ, ತಪ್ಪು ನನ್ನದು ಎನ್ನಬೇಕಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದೆ, ಏಳಲಿಲ್ಲ. ಅದೂ ನನ್ನ ಸುಳ್ಳುಗಳ ಲೆಕ್ಕಕ್ಕೆ ಸೇರಿಕೊಂಡಿತು.

ನಿಶಾಳಿಗೂ ಹೇಳಿದೆ. ಆ ಚೀಟಿಯನ್ನು ತೋರಿಸಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ. ಆ ದಿನ ಹೊಸ ಕಂಪ್ಯೂಟರಿಗೆ ಡಿಸ್ಕ್ ಜೋಡಿಸಿ, ನನ್ನ ಕೈಯಿಂದಲೇ ಒತ್ತಿಸಿದಳು. ಖಾಲಿ ಡಿಸ್ಕನ್ನು ಮೊದಲ ಸಲ ಹಾಗೆ ಸಿದ್ಧಮಾಡಬೇಕಂತೆ, ಅಳಿಸುವುದು ಅದರೊಳಗಿನದ್ದನ್ನು ಮಾತ್ರ. ಆಮೇಲೆ ಫೋಲ್ಡರನ್ನು ಎಳೆದು ಬಿಡುವುದು, ತೆರೆದು ನೋಡಿ ಬಂದಿದೆಯೇ ಎಂದು ಖಾತ್ರಿ ಮಾಡುವುದು. ಹತ್ತು ನಿಮಿಷ ಹಿಡಿಯಿತು. ‘ಬಸ್, ಇತ್ನಾ ಹೀ ಥಾ, ಮಾವ್ಶಿ’, ಇಷ್ಟೇ ಇದ್ದದ್ದು ಚಿಕ್ಕಮ್ಮ, ಎಂದಳು. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ನೀವು ಹೇಗಿದ್ದೀರಿ ಎಂದಷ್ಟಾದರೂ ಮರೆಮ್ಮನಿಂದ ಬರೆಸಿದರೆ ನೆಮ್ಮದಿ.

ಸುಗುಣಾ


ಚಿತ್ತಾಪುರ
6 ಮೇ 2024

ಸುಗುಣಾ ಅಕ್ಕಾವರಿಗೆ ಮಾಪಣ್ಣ ಮಾಡುವ ಶರಣು.

ನಿಮ್ಮ ಎರಡೂ ಕಾಗದ ಮುಟ್ಟಿವೆ. ನನಗೇನೂ ಗೊತ್ತಾಗಿರಲಿಲ್ಲ. ನಿಮಗೆ ಗೊತ್ತಾಗಿದೆ ಎಂದು ನಾನು ಹೆದರಿದ್ದೆ.

ಮೊದಲು ಬಹಳ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ. ಹನ್ನೊಂದು ವರ್ಷ, ಮೂಟೆ ಹೊತ್ತು ಬಂದು, ಕೈ ಬಿಗಿದು ಪೆನ್ನು ಹಿಡಿಯಲಾಗದಾಗಲೂ ಬರೆದಿದ್ದೆ. ರದ್ದಿಗೆ ಹೋಯಿತು ಎಂದು ಓದಿದಾಗ ಆ ಕಾಗದ ಎಸೆದೆ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದಾಗ ಎದೆ ಹಗುರವಾಗಿತ್ತು. ಯಾಕೆಂದು ನೋಡಿದರೆ, ಭಿವಂಡಿಯದು ಹೋಯಿತಲ್ಲ, ಇನ್ನು ಅಚ್ಚಾಗುವುದಿಲ್ಲವಲ್ಲ ಎಂಬ ಸಮಾಧಾನ. ಹನ್ನೊಂದು ವರ್ಷದ ಕೆಲಸ ಹೋದದ್ದಕ್ಕೆ ಹಗುರಾಗುವ ಮನುಷ್ಯ ಎಂಥವನಿರಬೇಕು. ಆ ನಾಚಿಕೆಗೇ ಇಷ್ಟು ದಿನ ಬರೆಯಲಿಲ್ಲ.

ನೀವು ನಿಮ್ಮದನ್ನು ಹೇಳಿದಿರಿ. ನಾನು ನನ್ನದನ್ನು ಹೇಳುತ್ತೇನೆ.

ಜೈಭೀಮ ಅಂದು ಕುಡಿದಿರಲಿಲ್ಲ. ಅವನು ಕುಡಿಯುತ್ತಿದ್ದ, ಹಬ್ಬಕ್ಕೆ, ಪಗಾರದ ದಿನ. ಆ ದಿನ ಮುಟ್ಟಿರಲಿಲ್ಲ. ಬೆಳಿಗ್ಗೆ ಭಿವಂಡಿಗೆ ಹೋಗುವ ಟೆಂಪೋದಲ್ಲಿ ನನ್ನ ಪಕ್ಕವೇ ಕೂತಿದ್ದ. ಮಗಳು ಮೂರು ವರ್ಷದವಳು, ಹಿಂದಿನ ದಿನ ಬಾಗಿಲ ತನಕ ಒಬ್ಬಳೇ ಹೋಗಿ ಚಪ್ಪಲಿ ತಂದುಕೊಟ್ಟಳಂತೆ. ಅದನ್ನೇ ಹೇಳುತ್ತ ಬಂದ.

ಗೋದಾಮಿನ ಮೂಲೆಯ ಥಪ್ಪಿ ಒಂದು ಕಡೆ ವಾಲಿತ್ತು. ನನಗೆ ಹೊಕ್ಕ ತಕ್ಷಣ ಕಂಡಿತು. ಮೇಲಿನ ಮೂಟೆ ಇಳಿಸಬೇಕಾದರೆ ಯಾರಾದರೂ ಹತ್ತಲೇಬೇಕು. ಅಂಥ ಕಡೆ ಮುಕಾದಮ ತಾನೇ ಹತ್ತಬೇಕು, ಅದು ನಮ್ಮ ರೀತಿ. ನನಗೆ ಅಂಜಿಕೆಯಾಯಿತು. ಜೈಭೀಮನನ್ನು ಕರೆದು, ‘ನೀ ಏರಪಾ, ನೀ ಹಗುರ ಅದಿ’ ಎಂದೆ. ಅವನು ಮೇಲೆ ನೋಡಿ, ‘ಕಾಕಾ, ಥಪ್ಪಿ ಸರಿ ಅದ ಇಲ್ಲ?’ ಎಂದು ಕೇಳಿದ. ನಾನು ‘ಅದ, ಏರು’ ಎಂದೆ.

ಅವನು ಏರಿದ. ಎರಡನೇ ಮೂಟೆ ಎತ್ತುವಾಗ ಕುಸಿಯಿತು. ನಾನು ಒಳಗೆ ನುಗ್ಗಲಿಲ್ಲ. ಹೊರಗೆ ಓಡಿದೆ. ರಸ್ತೆಯ ತನಕ ಓಡಿದೆ. ಕೈ ಹಿಡಿದು ಎಳೆದವರು ಬೇರೆಯವರು. ನಾನು ತಿರುಗಿ ಬರುವಷ್ಟರಲ್ಲಿ ಮುಗಿದಿತ್ತು. ಗೋದಾಮಿನವರು ಕೇಳಿದಾಗ, ನಾನು ಬೇಡ ಎಂದೆ, ಅವನು ಕುಡಿದು ಏರಿದ ಎಂದು ನನ್ನ ಬಾಯಿಂದಲೇ ಬಂತು. ಟೋಳಿಯವರು ನನ್ನ ಮುಖ ನೋಡಿದರು, ಯಾರೂ ಎದುರಾಡಲಿಲ್ಲ. ನಾನು ಅವರ ಮುಕಾದಮ. ಅವತ್ತಿನಿಂದ ಚಂದ್ರಬಾಯಿ ಕುಡುಕನ ಹೆಂಡತಿಯಾದಳು, ಮಗಳು ದಾನಮ್ಮ ಕುಡುಕನ ಮಗಳಾದಳು. ಗೋದಾಮಿನಿಂದ ಅವರಿಗೆ ಏನೂ ಸಿಗಲಿಲ್ಲ.

ಪ್ರತಿ ದೀಪಾವಳಿಗೆ ಅವರ ಮನೆಗೆ ಹೋಗುತ್ತಿದ್ದೆ. ತಾಯಿ ಮಗಳಿಗೆ ಬಟ್ಟೆ ಒಯ್ಯುತ್ತಿದ್ದೆ. ಅವಳು ಊಟಕ್ಕೆ ಹಾಕುತ್ತಿದ್ದಳು. ಉಣ್ಣುತ್ತಿದ್ದೆ.

ಪುಸ್ತಕ ಬರೆಯುವಾಗ ನಿಜ ಬರೆಯಬೇಕೆಂದೇ ಕೂತದ್ದು. ಆ ಪುಟಕ್ಕೆ ಬಂದಾಗ ಕೈ ಮತ್ತೆ ಅದೇ ಸುಳ್ಳು ಬರೆಯಿತು, ಮೊದಲಿಗಿಂತ ಚಂದ ಮಾಡಿ ಬರೆಯಿತು. ನಿಮ್ಮ ಕಣ್ಣಲ್ಲಿ ನೀರು ಬಂತು ಎಂದಾಗ ನನಗೆ ಹೇಗಾಗಿರಬೇಕು.

ಇದರ ಜೊತೆ ಬೇರೆ ಹಾಳೆಯಲ್ಲಿ ಇದನ್ನೇ, ಆ ದಿನದ್ದನ್ನು, ಆರು ಪುಟ ಬರೆದು ಇಟ್ಟಿದ್ದೇನೆ. ಟೈಪ್ ಮಾಡಿರಿ. ಒಂದೂ ಅಕ್ಷರ ಚಂದ ಮಾಡಬೇಡಿರಿ. ಪುಸ್ತಕದ ಮಾತು ಆಮೇಲೆ. ಚಂದ್ರಬಾಯಿಗೆ ಓದಲು ಬರುವುದಿಲ್ಲ. ತುರ್ಭೆಗೆ ಹೋಗಿ ಅವಳಿಗೆ ಓದಿ ಹೇಳಬೇಕು. ಇದು ನಾನೇ ಮಾಡಬೇಕಾದ ಕೆಲಸ. ಆಗುತ್ತಿಲ್ಲ, ಅದಕ್ಕೆ ನಿಮ್ಮ ಮೇಲೆ ಹೊರಿಸುತ್ತಿದ್ದೇನೆ. ಮತ್ತೆ ಇನ್ನೊಬ್ಬರನ್ನು ಏರಿಸುತ್ತಿದ್ದೇನೆ ಎಂದು ನೀವು ಅಂದರೆ ಅದು ನಿಜ.

ಮಾಪಣ್ಣ


ಡೊಂಬಿವಲಿ ಪೂರ್ವ
4 ಜೂನ್ 2024

ಮಾಪಣ್ಣನವರಿಗೆ ನಮಸ್ಕಾರ.

ನಿಮ್ಮ ಆರು ಪುಟ ಟೈಪ್ ಮಾಡಿದೆ. ಕಂಪ್ಯೂಟರಿನಲ್ಲೊಂದು, ಎರಡನೇ ಡಿಸ್ಕಿನಲ್ಲೊಂದು ಪ್ರತಿ ಇದೆ, ಎರಡನ್ನೂ ತೆರೆದು ಕೊನೆಯ ಸಾಲಿನ ತನಕ ನೋಡಿದ್ದೇನೆ. ನಿಮ್ಮ ಕೈಬರಹದ ಹಾಳೆಗಳನ್ನು ಈ ಕಾಗದದ ಜೊತೆ ರಿಜಿಸ್ಟರ್ ಅಂಚೆಯಲ್ಲಿ ತಿರುಗಿ ಕಳಿಸಿದ್ದೇನೆ. ಅವು ನಿಮ್ಮ ಹತ್ತಿರ ಇರಬೇಕು.

ಮೊನ್ನೆ ಭಾನುವಾರ ತುರ್ಭೆಗೆ ಹೋದೆ. ನಿಮ್ಮ ಬಗ್ಗೆ ನನಗೆ ಸಿಟ್ಟಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಥಾಣೆಯಲ್ಲಿ ಟ್ರೇನ್ ಬದಲಾಯಿಸುವಾಗ ಒಂದು ಸಲ, ಇದು ನನ್ನ ಕೆಲಸವಲ್ಲ, ತಿರುಗಿ ಹೋಗೋಣ ಅನ್ನಿಸಿತು. ಆಮೇಲೆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಒಂದು ಡಬ್ಬಿಯ ಮೇಲೆ ಸುಳ್ಳು ತಾರೀಕು ಬರೆಯುತ್ತಿದ್ದವಳು ನಿಮ್ಮನ್ನು ತೂಗಲು ಕೂರುವುದು ಬೇಡವೆಂದು ಎದ್ದು ಹೋದೆ.

ಚಂದ್ರಬಾಯಿ ಮನೆಯಲ್ಲಿದ್ದರು. ನಿಮ್ಮ ಹೆಸರು ಹೇಳಿದ ಕೂಡಲೇ ಚಾಪೆ ಹಾಕಿದರು. ಮಾಪಣ್ಣ ಕಾಕಾ ಹೆಂಗಿದ್ದಾರೆ ಎಂದು ಮೂರು ಸಲ ಕೇಳಿದರು. ಮೊದಲೇ ಹೇಳಿದೆ, ಇದು ನಿಮಗೆ ನೋವಾಗುವ ವಿಷಯ, ಅವರು ಬರೆದು ಕಳಿಸಿದ್ದಾರೆ, ನಾನು ಓದುವವಳು ಅಷ್ಟೇ ಎಂದು. ‘ಓದ್ರಿ’ ಎಂದರು.

ಓದಿದೆ. ‘ಕುಡಿದಿರಲಿಲ್ಲ’ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದರು. ಅದೊಂದು ಮತ್ತೆ ಓದಲು ಹೇಳಿದರು. ಮತ್ತೆ ಓದಿದೆ. ಟೆಂಪೋದಲ್ಲಿ ಮಗಳ ಚಪ್ಪಲಿಯ ಮಾತು ಆಡಿದ್ದನ್ನು ಕೇಳಿ ಗೋಡೆಯ ಕಡೆ ತಿರುಗಿ ಕೂತರು. ನಾನು ಮುಗಿಸಿ ಹಾಳೆ ಮಡಚಿದೆ.

ಆಗ ಅವರು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ. ‘ಇಪ್ಪತ್ತು ವರ್ಷ ಇಲ್ಲೇ ಕುಂತು ಉಂಡಾನ್ರಿ. ನಾ ಅಂವಗ ತುಪ್ಪ ಹಾಕೀನಿ. ನನ್ನ ಗಂಡಗ ಬೈಕೋತ ಹಾಕೀನಿ, ಕುಡದು ಸತ್ತಿ ಅಂತ.’

ಅಷ್ಟರಲ್ಲಿ ದಾನಮ್ಮ ನೀರು ತುಂಬಿಕೊಂಡು ಬಂದಳು. ಈಗ ಇಪ್ಪತ್ಮೂರು ವರ್ಷ, ಪ್ಯಾಕಿಂಗ್ ಕಂಪನಿಗೆ ಹೋಗುತ್ತಾಳೆ. ತಾಯಿಯ ಮುಖ ನೋಡಿ ಏನಾಯಿತೆಂದು ಕೇಳಿದಳು. ಚಂದ್ರಬಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲಿಂದ ಓದಿ ಎಂದರು. ಎರಡನೇ ಸಲ ಓದಿದೆ. ದಾನಮ್ಮ ಮರಾಠಿಯಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದಳು, ಅಂದರೆ ಅಪ್ಪ ಕುಡಿದಿರಲಿಲ್ಲವೇ ಎಂದು. ಇಲ್ಲ ಎಂದೆ. ಸಾಲೆಯಲ್ಲಿ ಯಾರೋ ಅಂದದ್ದಕ್ಕೆ ಆರನೇ ಇಯತ್ತೆಯಲ್ಲಿ ಸಾಲೆ ಬಿಟ್ಟೆ ಎಂದಳು. ಅದನ್ನು ಸಿಟ್ಟಿನಿಂದ ಹೇಳಲಿಲ್ಲ, ಬಸ್ಸು ತಪ್ಪಿತೆನ್ನುವ ಹಾಗೆ ಹೇಳಿದಳು. ಅದು ಇನ್ನೂ ಕಷ್ಟವಾಯಿತು.

ನಾನು ಏಳುವಾಗ ಚಂದ್ರಬಾಯಿ ಮಗಳನ್ನು ತೋರಿಸಿ ನಿಮಗೆ ಹೇಳಲು ಹೇಳಿದ ಮಾತು ಇದು: ‘ಕಾಗದದಾಗ ಹೇಳ್ಯಾನ. ಇಲ್ಲಿ ಬಂದು ಈಕಿ ಮುಂದ ಬಾಯಿಬಿಟ್ಟು ಹೇಳ್ಲಿ. ಅಲ್ಲೀತನಾ ನಾ ಏನೂ ಅನ್ನಂಗಿಲ್ಲ.’

ಅವರು ಕ್ಷಮಿಸಿದ್ದಾರೆಂದು ನಾನು ಬರೆಯಲಾರೆ. ಹಾಗೇನೂ ಕಾಣಲಿಲ್ಲ. ಆದರೆ ಬರಬೇಡ ಎನ್ನಲಿಲ್ಲ.

ನೀವು ಬನ್ನಿ. ನಾನು ಕಲ್ಯಾಣಕ್ಕೆ ಬಂದು ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ.

ನಿಮ್ಮ
ಸುಗುಣಾ


ಚಿತ್ತಾಪುರ
18 ಜೂನ್ 2024

ಸುಗುಣಾ ಅಕ್ಕಾವರಿಗೆ ಶರಣು.

ಮರೆಮ್ಮನಿಗೆ ಎಲ್ಲ ಹೇಳಿದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ತಾನೇ ಅಳಿಯನನ್ನು ಕಳಿಸಿ ಟಿಕೆಟ್ ತೆಗೆಸಿದಳು. 29ಕ್ಕೆ ಹೊರಟು 30ರ ಬೆಳಿಗ್ಗೆ ಕಲ್ಯಾಣದಲ್ಲಿ ಇಳಿಯುತ್ತೇನೆ. ಭಾನುವಾರ ದಾನಮ್ಮ ಮನೆಯಲ್ಲಿರುತ್ತಾಳೆಂದು ಆ ದಿನ ಹಿಡಿದೆ.

ಹೇಗೆ ಶುರುಮಾಡಬೇಕೆಂದು ದಿನಾ ಬಾಯಲ್ಲಿ ಹೇಳಿ ನೋಡುತ್ತಿದ್ದೇನೆ. ಒಂದೂ ಸರಿ ಬರುತ್ತಿಲ್ಲ.

ನಾನು ಬರುವ ದಿನ ಚಂದ್ರಬಾಯಿಗೆ ಮೊದಲೇ ತಿಳಿಸಿರಿ. ತಿಳಿಸದೆ ಹೋಗಿ ನಿಂತರೆ, ದೂರದಿಂದ ಬಂದಾನೆಂದು ರೂಢಿಯ ಮೇಲೆ ಒಳಗೆ ಕರೆದುಬಿಡುತ್ತಾಳೆ. ಹಾಗಾಗಬಾರದು. ನಾನು ಪೂರ್ತಿ ಹೇಳಿ ಮುಗಿಸುವ ತನಕ ಬಾಗಿಲ ಹೊರಗೇ ನಿಲ್ಲುತ್ತೇನೆ.

ಮಾಪಣ್ಣ